ದೀಪ ಇರಲಿ, ಮುಖ ನೆಲದ ಕಡೆಗಿರಲಿ

ಕಳೆದ ಫೆಬ್ರುವರಿಯಲ್ಲಿ ಕಾಲೇಜು ಗೆಳೆಯನ ಊರು ಕುಂದಾಪುರಕ್ಕೆ ಹೋಗಿದ್ದೆ. ಅರಸೀಕೆರೆ ಕಡೆಯವನಾದ ನನಗೆ ಕಡಲು ನೋಡುವುದೆಂದರೆ ಹಬ್ಬ. ರಾತ್ರಿ ಊಟ ಮುಗಿಸಿ ಕೋಡಿ ಕಡಲತೀರಕ್ಕೆ ನಡೆದೆವು. ಮರಳಿನಲ್ಲಿ ದಾರಿ ಕಾಣಲೆಂದು ಮೊಬೈಲ್ ಟಾರ್ಚ್ ಹಾಕಿದ್ದೇ ತಡ, ಗೆಳೆಯ "ಲೈಟ್ ಆಫ್ ಮಾಡ್ ಮಾರಾಯ" ಎಂದು ನನ್ನ ಕೈ ಹಿಡಿದ. ತುಸು ದೂರದಲ್ಲಿ ಬಲೆ ಕಟ್ಟಿದ ಪುಟ್ಟ ಬೇಲಿ ಇತ್ತು. ಅದರೊಳಗೆ ಮರಳಿನಡಿ ಕಡಲಾಮೆಯ ಮೊಟ್ಟೆಗಳಿದ್ದವು.

ಆಲಿವ್ ರಿಡ್ಲೆ ಎಂಬ ಈ ಆಮೆಗಳು ಚಳಿಗಾಲದಲ್ಲಿ ಕುಂದಾಪುರ, ಹೊನ್ನಾವರ, ಕಾರವಾರದ ತೀರಗಳಿಗೆ ಮೊಟ್ಟೆ ಇಡಲು ಬರುತ್ತವೆ. ಒಂದು ಗೂಡಿನಲ್ಲಿ ನೂರರ ಆಸುಪಾಸು ಮೊಟ್ಟೆಗಳಿರುತ್ತವೆ. 45ರಿಂದ 60 ದಿನಗಳಲ್ಲಿ ಮರಿಗಳು ಹೆಚ್ಚಾಗಿ ರಾತ್ರಿಯೇ ಮೇಲೆ ಬರುತ್ತವೆ. ದಾರಿ ತೋರಿಸಲು ತಾಯಿ ಇರುವುದಿಲ್ಲ. ಚಂದ್ರ, ನಕ್ಷತ್ರಗಳ ಬೆಳಕು ಬಿದ್ದ ಕಡಲು ದಡದ ತೋಪಿಗಿಂತ ಬೆಳಗಿರುತ್ತದೆ. ಬೆಳಕಿರುವ ಕಡೆ ಹೋದರೆ ನೀರು ಸಿಗುತ್ತದೆ. ಮರಿಗಳಿಗೆ ಹುಟ್ಟಿನಿಂದ ಗೊತ್ತಿರುವುದು ಇಷ್ಟೇ. ಆದರೆ ದಡದಲ್ಲಿ ಫೋಕಸ್ ಲೈಟ್ ಉರಿಯುತ್ತಿದ್ದರೆ ಅವು ಅತ್ತಲೇ ತೆವಳುತ್ತವೆ. ನಾಯಿಗೋ, ವಾಹನಕ್ಕೋ, ಬೆಳಗಿನ ಬಿಸಿಲಿಗೋ ಬಲಿಯಾಗುತ್ತವೆ. ಮೊಟ್ಟೆ ಇಡಲು ಬಂದ ತಾಯಿ ಆಮೆಯೂ ಬೆಳಕು ಕಂಡು ಹಿಂದಿರುಗುವುದುಂಟು.

ಅರಣ್ಯ ಇಲಾಖೆಯವರು ಮತ್ತು ಊರವರು ಸೇರಿ ಗೂಡುಗಳಿಗೆ ಬೇಲಿ ಹಾಕಿ ಕಾಯುತ್ತಾರೆ. ಬೇಲಿ ನಾಯಿಯನ್ನು ತಡೆಯುತ್ತದೆ, ಬೆಳಕನ್ನು ತಡೆಯುವುದಿಲ್ಲ.

ನಾನು ಓದುತ್ತಿರುವುದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್. ಒಂದು ರಸ್ತೆಗೆ ಎಷ್ಟು ಬೆಳಕು ಬೇಕೆಂದು ಲೆಕ್ಕ ಹಾಕಿ ಅಂಕ ಪಡೆದಿದ್ದೇನೆ. ಬೇಡದ ಕಡೆ ಎಷ್ಟು ಬೀಳುತ್ತಿದೆ ಎಂದು ಯೋಚಿಸಿರಲಿಲ್ಲ. ಅಮೆರಿಕದ ಫ್ಲಾರಿಡಾದಲ್ಲಿ ಕಡಲಾಮೆಗಳಿಗಾಗಿ ಮೂರು ಸರಳ ಸೂತ್ರಗಳಿವೆ: ದೀಪ ತಗ್ಗಿನಲ್ಲಿರಲಿ, ಅದಕ್ಕೆ ಮರೆ ಇರಲಿ, ಬಣ್ಣ ಕೆಂಪು ಅಥವಾ ಕಿತ್ತಳೆಯತ್ತ ಇರಲಿ. ಬಿಳಿ ಎಲ್‌ಇಡಿಯಲ್ಲಿ ನೀಲಿ ಅಂಶ ಹೆಚ್ಚು; ಮರಿಗಳನ್ನು ಜೋರಾಗಿ ಸೆಳೆಯುವುದು ಅದೇ.

ರಜೆಗೆ ಊರಿಗೆ ಬಂದಾಗ ನಮ್ಮ ಮನೆಯ ದೀಪವೇ ಮೊದಲು ಕಣ್ಣಿಗೆ ಹೊಡೆಯಿತು. 50 ವ್ಯಾಟ್‌ನ ಫೋಕಸ್ ಲೈಟ್ ಅಂಗಳ ಬಿಟ್ಟು ತೆಂಗಿನ ತೋಟ, ಎದುರು ಮನೆಯ ಕಿಟಕಿ, ಆಕಾಶ ಎಲ್ಲವನ್ನೂ ಬೆಳಗುತ್ತಿತ್ತು. ಬದಲಾಯಿಸೋಣ ಎಂದೆ. ಅಪ್ಪ ಸಿಡುಕಿದರು: "ಚಿರತೆ ಬಂದ್ರೆ ನಿಮ್ ಕಾಲೇಜಿನೋರು ಬತ್ತಾರೇನ್ಲಾ?"

ಅಪ್ಪನ ಭಯ ಸುಳ್ಳಲ್ಲ. ನಮ್ಮ ಕಡೆ ಚಿರತೆ, ಕರಡಿ ಇವೆ. ತಂಗಿ ಬಸ್ಸಿಳಿದು ಬರುವಷ್ಟರಲ್ಲಿ ಕತ್ತಲಾಗಿರುತ್ತದೆ. ಹಾಗಾಗಿ ವಾದ ಮಾಡದೆ ಅಪ್ಪನನ್ನು ಗೇಟಿನ ಬಳಿ ನಿಲ್ಲಿಸಿ, ನಾನು ದೀಪದ ಪಕ್ಕದ ನೆರಳಿನಲ್ಲಿ ನಿಂತೆ. ಕಣ್ಣು ಕೋರೈಸಿ ಅವರಿಗೆ ನಾನು ಕಾಣಲೇ ಇಲ್ಲ. ಮಗನೇ ಕಾಣದವರಿಗೆ ಚಿರತೆ ಎಲ್ಲಿ ಕಂಡೀತು? ಮರುದಿನ ಆ ಜಾಗದಲ್ಲಿ ಮೇಲೆ ಮುಚ್ಚಿಗೆಯಿರುವ 9 ವ್ಯಾಟ್‌ನ ಹಳದಿ ಬಲ್ಬ್ ಬಂತು. ಈಗ ಅಂಗಳ, ಮೆಟ್ಟಿಲು, ಗೇಟು ಚೆನ್ನಾಗಿ ಕಾಣುತ್ತವೆ. ರಾತ್ರಿಗೆ 11 ಗಂಟೆ ಉರಿದರೆ ಮೊದಲು ವರ್ಷಕ್ಕೆ ಸುಮಾರು 200 ಯೂನಿಟ್ ಆಗುತ್ತಿತ್ತು, ಈಗ 36. ಎದುರು ಮನೆಯ ಅಜ್ಜಿ "ಈಗ ನಿದ್ದೆ ಬತ್ತದಪ್ಪ" ಎಂದರು. ಇಷ್ಟು ದಿನ ಅವರು ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ.

2023ರಲ್ಲಿ ಬೇಲೂರು, ಹಳೇಬೀಡು ದೇಗುಲಗಳು ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿ ಸೇರಿವೆ. ಪ್ರವಾಸಿಗರು ಹೆಚ್ಚಿದಂತೆ ಲಾಡ್ಜು, ಹೋಟೆಲು, ಅವುಗಳ ಜೊತೆ ಫೋಕಸ್ ಲೈಟುಗಳೂ ಹೆಚ್ಚುತ್ತವೆ. ಕಡಲತೀರದಲ್ಲಿ ಈಗ ತಿದ್ದಿಕೊಳ್ಳಬೇಕಾದ ತಪ್ಪನ್ನು ಹಳೇಬೀಡಿನ ಕೆರೆ ದಂಡೆಯಲ್ಲಿ ಮೊದಲೇ ತಪ್ಪಿಸಬಹುದು. ಲಡಾಖ್‌ನ ಹಾನ್ಲೆಯಲ್ಲಿ ಜನ ನಕ್ಷತ್ರ ನೋಡಲೆಂದೇ ಹೋಗುತ್ತಾರೆ. ಅಲ್ಲಿ ಕತ್ತಲೆಯೇ ಊರಿನವರ ಸಂಪಾದನೆಗೆ ದಾರಿಯಾಗಿದೆ.

ಇಂದು ರಾತ್ರಿ ನಿಮ್ಮ ಮನೆಯಿಂದ ನೂರು ಹೆಜ್ಜೆ ದೂರ ಹೋಗಿ ತಿರುಗಿ ನೋಡಿ. ನೆಲ ಕಂಡರೆ ಸರಿ. ಬಲ್ಬೇ ಕಣ್ಣಿಗೆ ಹೊಡೆದರೆ ನಾಳೆ ಒಂದು ಸ್ಪ್ಯಾನರ್ ಹಿಡಿದು ಅದರ ಮುಖ ಕೆಳಗೆ ತಿರುಗಿಸಿ. ನಾನಂತೂ ಮುಂದಿನ ಚಳಿಗಾಲ ಕೋಡಿಗೆ ಹೋಗುತ್ತೇನೆ, ಮೊಬೈಲ್ ಜೇಬಿನಲ್ಲಿಟ್ಟುಕೊಂಡು.