ಹಲ್ಲಿಗೆ ತುಂಬಿಸಿದ ಸಿಮೆಂಟು ನಿಲ್ಲುತ್ತಿಲ್ಲವೇ?

ಮುಂದಿನ ಹಲ್ಲಿಗೆ ಬಿಳಿ ಸಿಮೆಂಟು ತುಂಬಿಸಿ ವರ್ಷ ತುಂಬಿರುವುದಿಲ್ಲ, ಒಂದು ದಿನ ಕಟಿ ರೊಟ್ಟಿ ಕಡಿಯುವಾಗ ಅದು ಕಳಚಿ ಬರುತ್ತದೆ. ಮತ್ತೆ ತುಂಬಿಸಿದರೂ ಅದೇ ಗತಿ. ಡಾಕ್ಟರ ಕೈಗುಣ ಸರಿಯಿಲ್ಲವೆಂದು ಗೊಣಗುವವರೇ ಹೆಚ್ಚು. ಆದರೆ ಎಷ್ಟೋ ಸಲ ಕಾರಣ ಬೇರೆಯೇ ಇರುತ್ತದೆ. ಹಲ್ಲಿನ ಮೇಲ್ಪದರವನ್ನು ಆಮ್ಲ ಸವೆಸಿರುತ್ತದೆ. ಆ ಸವೆತವನ್ನು ನಿಲ್ಲಿಸದೆ ಸಿಮೆಂಟು ತುಂಬಿಸುವುದೆಂದರೆ, ಸೋರುವ ಗೋಡೆಗೆ ಸುಣ್ಣ ಬಳಿದಂತೆ.

ಸವೆತ ಬೇರೆ, ಹುಳುಕು ಬೇರೆ

ಹುಳುಕಾಗುವುದು ಬಾಯಿಯಲ್ಲಿನ ಬ್ಯಾಕ್ಟೀರಿಯಾಗಳಿಂದ. ಸವೆತಕ್ಕೆ ಅವು ಬೇಕಿಲ್ಲ; ಹುಳಿಯೇ ಸಾಕು. ಹಲ್ಲಿನ ಹೊರಕವಚವಾದ ಎನಾಮೆಲ್ ನಮ್ಮ ದೇಹದ ಅತಿ ಗಟ್ಟಿ ವಸ್ತು. ಆದರೂ ಬಾಯಿಯ ಆಮ್ಲೀಯತೆಯ ಅಳತೆ, ಅಂದರೆ ಪಿಎಚ್, ಸುಮಾರು 5.5ಕ್ಕಿಂತ ಕೆಳಗಿಳಿದರೆ ಅದು ಕರಗತೊಡಗುತ್ತದೆ. ಕೋಲಾ ಪಾನೀಯಗಳ ಪಿಎಚ್ ಸುಮಾರು 2.5, ನಿಂಬೆರಸದ್ದು ಅದಕ್ಕೂ ಕಡಿಮೆ ಇರಬಹುದು. ಹೊಟ್ಟೆಯಿಂದ ಗಂಟಲಿಗೆ ಬರುವ ಹುಳಿನೀರು ಇವೆರಡಕ್ಕಿಂತಲೂ ತೀಕ್ಷ್ಣ.

ಗಂಗಾವತಿಯ ಬೇಸಿಗೆಯಲ್ಲಿ ನಿಂಬೆ ಸೋಡಾ ಬೇಡವೆನ್ನುವವರು ಯಾರು? ಒಮ್ಮೆ ಕುಡಿದು ಮುಗಿಸಿದರೆ ಹೆಚ್ಚಿನ ತೊಂದರೆಯಿಲ್ಲ. ಜೊಲ್ಲು ಆ ಆಮ್ಲವನ್ನು ನಿಧಾನವಾಗಿ ಶಮನಗೊಳಿಸುತ್ತದೆ. ದಿನವಿಡೀ ಗುಟುಕು ಗುಟುಕಾಗಿ ಕುಡಿಯುವುದು, ಹುಣಸೆಹಣ್ಣು ಚೀಪುತ್ತಿರುವುದು ಅಪಾಯ. ಎದೆಯುರಿ ಇರುವವರಿಗೆ, ವಾಂತಿಯಿಂದ ಬಳಲುವ ಬಸುರಿಯರಿಗೆ ಮೇಲಿನ ಮುಂದಿನ ಹಲ್ಲುಗಳ ಒಳಭಾಗ ಸವೆಯುತ್ತದೆ. ತಣ್ಣೀರು ಕುಡಿದರೆ ಜುಮ್ಮೆನ್ನುವುದು, ಹಲ್ಲು ಹಳದಿಯಾಗಿ ನುಣುಪಾಗುವುದು, ದವಡೆ ಹಲ್ಲಿನ ಮೇಲೆ ಬಟ್ಟಲಿನಂಥ ಕುಳಿ ಬೀಳುವುದು, ಹಳೆಯ ಸಿಮೆಂಟು ಹಲ್ಲಿಗಿಂತ ಎತ್ತರವಾಗಿ ಕಾಣುವುದು ಇದರ ಲಕ್ಷಣಗಳು.

ಅಂಟು ಹಿಡಿಯುವುದು ಹೇಗೆ?

ಬಿಳಿ ಸಿಮೆಂಟೆಂದು ನಾವು ಕರೆಯುವುದು ಬಹುಮಟ್ಟಿಗೆ ರೆಸಿನ್. ಅದನ್ನು ಅಂಟಿಸಲು ದಂತವೈದ್ಯರೂ ಆಮ್ಲವನ್ನೇ ಬಳಸುತ್ತಾರೆ! ಫಾಸ್ಪಾರಿಕ್ ಆಮ್ಲ ಹಚ್ಚಿದರೆ ಎನಾಮೆಲ್‌ಗೆ ರೆಸಿನ್ ಚೆನ್ನಾಗಿ ಅಂಟುತ್ತದೆಂದು ಅಮೆರಿಕದ ಮೈಕೆಲ್ ಬ್ಯುನೊಕೋರ್ 1955ರಲ್ಲಿ ತೋರಿಸಿದರು. ಈಗ ಸುಮಾರು 37 ಶೇಕಡಾ ಆಮ್ಲವನ್ನು ಕೆಲವೇ ಸೆಕೆಂಡು ಹಚ್ಚಿ ತೊಳೆಯುತ್ತಾರೆ. ಕಣ್ಣಿಗೆ ಕಾಣದ ರಂಧ್ರಗಳಾಗುತ್ತವೆ; ರೆಸಿನ್ ಅವುಗಳೊಳಗೆ ಇಳಿದು ಬೇರೂರುತ್ತದೆ.

ವರ್ಷಗಟ್ಟಲೆ ಹುಳಿಗೆ ಸವೆದ ಹಲ್ಲು ಹಾಗಲ್ಲ. ಎನಾಮೆಲ್‌ನ ಮೇಲ್ಪದರ ಮೆತ್ತಗಾಗಿರುತ್ತದೆ. ಅದರ ಕೆಳಗಿನ ಡೆಂಟಿನ್ ಬಯಲಾಗಿದ್ದರೆ, ಅಲ್ಲಿನ ಸೂಕ್ಷ್ಮ ನಾಳಗಳು ಕ್ರಮೇಣ ಖನಿಜದಿಂದ ಮುಚ್ಚಿರಲೂಬಹುದು. ರೆಸಿನ್‌ಗೆ ಒಳಗಿಳಿಯಲು ದಾರಿಯಿರುವುದಿಲ್ಲ. ಆದ್ದರಿಂದ ವೈದ್ಯರು ಮೊದಲು ಹಲ್ಲನ್ನು ಸ್ವಚ್ಛಗೊಳಿಸಿ, ಮೇಲ್ಮೈಯನ್ನು ತೆಳುವಾಗಿ ಉಜ್ಜಿ ಒರಟಾಗಿಸಬೇಕಾಗುತ್ತದೆ. ನಂತರ ಜೊಲ್ಲು ತಾಗದಂತೆ ಮರೆಮಾಡಿ, ಆಮ್ಲ ಮತ್ತು ಅಂಟುದ್ರವ ಹಚ್ಚಿ, ರೆಸಿನ್ ಅನ್ನು ಪದರಪದರವಾಗಿ ತುಂಬಿ, ನೀಲಿ ಬೆಳಕಿನಲ್ಲಿ ಗಟ್ಟಿಗೊಳಿಸುತ್ತಾರೆ. ಇದಕ್ಕೆ ಸಮಯ ಬೇಕು. 'ಬೇಗ ಮುಗಿಸಿ ಡಾಕ್ಟರೇ' ಎಂದು ಅವಸರಪಡಿಸಬೇಡಿ.

ನಮ್ಮ ಸೀಮೆಯ ಇನ್ನೊಂದು ಮಾತು

ಕುಷ್ಟಗಿ, ಯಲಬುರ್ಗಾ ಕಡೆಯ ಹಲವು ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನ ಪ್ರತಿ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬುದು ಭಾರತೀಯ ಮಾನಕದ ಮಿತಿ. ಹಲ್ಲು ರೂಪುಗೊಳ್ಳುವ ಬಾಲ್ಯದಲ್ಲಿ ಇಂಥ ನೀರು ಕುಡಿದವರ ಹಲ್ಲಿನಲ್ಲಿ ಬಿಳಿ ಅಥವಾ ಕಂದು ಕಲೆಗಳು ಮೂಡುತ್ತವೆ. ಇದು ಆಮ್ಲದ ಸವೆತವಲ್ಲ, ಫ್ಲೋರೋಸಿಸ್. ಇಂಥ ಎನಾಮೆಲ್‌ನ ಮೇಲ್ಪದರ ವೈದ್ಯರು ಹಚ್ಚುವ ಆಮ್ಲಕ್ಕೂ ಸುಲಭವಾಗಿ ಜಗ್ಗದು. ಹೆಚ್ಚು ಹೊತ್ತು ಹಚ್ಚಬೇಕಾಗಬಹುದು. ಒಬ್ಬರಲ್ಲೇ ಎರಡೂ ತೊಂದರೆ ಇರಬಹುದು. ಆದ್ದರಿಂದ ನಿಮ್ಮ ಬಾಲ್ಯ ಯಾವ ಊರಿನಲ್ಲಿ ಕಳೆಯಿತು, ಯಾವ ನೀರು ಕುಡಿದಿರಿ ಎಂಬುದನ್ನು ವೈದ್ಯರಿಗೆ ಹೇಳಲು ಮರೆಯಬೇಡಿ.

ನೀವು ಮಾಡಬೇಕಾದ್ದು

* ನಾಲ್ಕು ದಿನ ತಿಂದದ್ದು, ಕುಡಿದದ್ದನ್ನು ಹೊತ್ತಿನ ಸಮೇತ ಬರೆದು ವೈದ್ಯರಿಗೆ ತೋರಿಸಿ.

* ಹುಳಿ ತಿಂದ ಅಥವಾ ವಾಂತಿಯಾದ ಕೂಡಲೇ ಹಲ್ಲುಜ್ಜಬೇಡಿ. ನೀರಿನಿಂದ ಬಾಯಿ ಮುಕ್ಕಳಿಸಿ. ವಾಂತಿಯಾಗಿದ್ದರೆ ಒಂದು ಲೋಟ ನೀರಿಗೆ ಒಂದು ಚಮಚೆ ಅಡುಗೆ ಸೋಡಾ ಕಲಸಿ ಮುಕ್ಕಳಿಸಬಹುದು, ನುಂಗಬಾರದು. ಉಜ್ಜುವುದು ಒಂದು ಗಂಟೆಯ ನಂತರ.

* ಬೂದಿ, ಇದ್ದಿಲು, ಇಟ್ಟಿಗೆ ಪುಡಿ ಬೇಡ. ಮೆದು ಬ್ರಷ್ಷು ಸಾಕು.

* ಪದೇ ಪದೇ ಎದೆಯುರಿ, ಹುಳಿತೇಗು ಬರುತ್ತಿದ್ದರೆ ಹೊಟ್ಟೆಗೂ ಚಿಕಿತ್ಸೆ ಪಡೆಯಿರಿ.

* ಮಲಗುವ ಮುನ್ನ ತಂಪು ಪಾನೀಯ ಬೇಡ. ನಿದ್ದೆಯಲ್ಲಿ ಜೊಲ್ಲು ಕಡಿಮೆ.

ಹಲ್ಲಿನಲ್ಲಿ ತೀವ್ರ ನೋವಿದ್ದರೆ ಇದೆಲ್ಲ ಮುಗಿಯಲಿ ಎಂದು ಕಾಯಬೇಡಿ, ಕೂಡಲೇ ವೈದ್ಯರನ್ನು ಕಾಣಿರಿ. ಸವೆದುಹೋದ ಎನಾಮೆಲ್ ಮತ್ತೆ ಬೆಳೆಯುವುದಿಲ್ಲ. ಉಳಿದಿರುವುದನ್ನು ಕಾಪಾಡಿಕೊಂಡರೆ ಮಾತ್ರ ಅದರ ಮೇಲೆ ಕೂರಿಸಿದ ಸಿಮೆಂಟಿಗೂ ಬಾಳಿಕೆ. ಮುಂದಿನ ಸಲ ದಂತವೈದ್ಯರ ಬಳಿ ಹೋದಾಗ 'ಎಷ್ಟು ಖರ್ಚಾಗುತ್ತದೆ?' ಎಂದು ಕೇಳುವ ಮೊದಲು 'ನನ್ನ ಹಲ್ಲು ಯಾಕೆ ಸವೆಯಿತು?' ಎಂದು ಕೇಳಿರಿ.