ಬೇಲಿಯೇ ಹೊಲ ಮೇಯ್ದರೆ: ಠೇವಣಿ ಹಣಕ್ಕೆ ಕಾವಲು ಯಾರು?

ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡ ತಾಲ್ಲೂಕುಗಳಲ್ಲಿ ಹತ್ತಿ ಮಾರಿದ ರೈತನಾಗಲಿ, ಸೀರೆ ನೇಯ್ದು ನಾಲ್ಕು ಕಾಸು ಉಳಿಸಿದ ನೇಕಾರನಾಗಲಿ ಹಣ ಇಡುವುದು ಸಾಮಾನ್ಯವಾಗಿ ಮೂರು ಕಡೆ: ವಾಣಿಜ್ಯ ಅಥವಾ ಗ್ರಾಮೀಣ ಬ್ಯಾಂಕು, ಸಹಕಾರಿ ಬ್ಯಾಂಕು, ಇಲ್ಲವೇ ಪತ್ತಿನ ಸಹಕಾರಿ ಸಂಘ. ಹೊರನೋಟಕ್ಕೆ ಮೂರೂ ಒಂದೇ. ಅದೇ ಕೌಂಟರು, ಅದೇ ಪಾಸ್‌ಬುಕ್ಕು. ಆದರೆ ಸಂಸ್ಥೆ ನಡೆಸುವವರೇ ಮೋಸಕ್ಕಿಳಿದಾಗ ಇವುಗಳ ನಡುವಿನ ಅಂತರ ಬಯಲಾಗುತ್ತದೆ. ವಿದ್ಯಾರ್ಥಿಗಳು ಅದನ್ನು ಮೊದಲೇ ಅರಿತಿರುವುದು ಒಳ್ಳೆಯದು.

ಪರಿಚಯವೇ ಕಾವಲಾಗಿದ್ದ ಕಾಲ

ಈ ಸೀಮೆಗೆ ಸಹಕಾರ ಹೊಸದಲ್ಲ. 1904ರಲ್ಲಿ ಭಾರತದ ಮೊದಲ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂತು. ಮರುವರ್ಷವೇ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಕೃಷಿ ಪತ್ತಿನ ಸಂಘ ಹುಟ್ಟಿತು. ಅಂಥ ಚಿಕ್ಕ ಸಂಘದಲ್ಲಿ ಸಾಲ ಪಡೆದವನ ಹೊಲ, ಬೆಳೆ, ನಡತೆ ಊರಿಗೆಲ್ಲ ಗೊತ್ತಿರುತ್ತಿತ್ತು. ಸಂಸ್ಥೆ ಬೆಳೆದು ಶಾಖೆಗಳಾದಾಗ ಈ ಪರಿಚಯ ಮರೆಯಾಗುತ್ತದೆ. ಸದಸ್ಯನ ಕಣ್ಣಿಗೆ ಉಳಿಯುವುದು ಲೆಕ್ಕಪತ್ರ ಮಾತ್ರ. ಅದನ್ನು ಬರೆಸುವವರು ಮೇಲಿನವರು.

ಮೋಸ ನಡೆಯುವ ಬಗೆ

ದರೋಡೆಕೋರ ಬೀಗ ಒಡೆಯುತ್ತಾನೆ. ಅಧಿಕಾರದಲ್ಲಿರುವವರಿಗೆ ಅದರ ಅಗತ್ಯವಿಲ್ಲ, ಸಹಿ ಸಾಕು. ತಮ್ಮವರಿಗೆ ಬೇನಾಮಿ ಹೆಸರಿನಲ್ಲಿ ಸಾಲ ಕೊಡುವುದು, ಅಡಮಾನದ ಆಸ್ತಿಗೆ ಇಲ್ಲದ ಬೆಲೆ ಕಟ್ಟುವುದು, ಹಳೆಯ ಸಾಲ ಸುಸ್ತಿಯಾದಾಗ ಹೊಸ ಸಾಲ ಬರೆದು ಅದನ್ನು ತೀರಿಸಿದಂತೆ ತೋರಿಸುವುದು, ಇವು ಸಾಮಾನ್ಯ ದಾರಿಗಳು. ಕಾಗದದ ಮೇಲೆ ಲಾಭವಿರುತ್ತದೆ, ತಿಜೋರಿಯಲ್ಲಿ ಹಣವಿರುವುದಿಲ್ಲ. 2019ರಲ್ಲಿ ಮುಂಬಯಿಯ ಪಂಜಾಬ್ ಮತ್ತು ಮಹಾರಾಷ್ಟ್ರ ಸಹಕಾರಿ ಬ್ಯಾಂಕಿನಲ್ಲಿ ಒಂದೇ ಉದ್ಯಮ ಸಮೂಹದ ಬಾಕಿಯನ್ನು 21,000ಕ್ಕೂ ಹೆಚ್ಚು ಕಾಲ್ಪನಿಕ ಖಾತೆಗಳಿಂದ ಮುಚ್ಚಿಡಲಾಗಿತ್ತೆಂಬ ದೂರು ದಾಖಲಾಯಿತು.

ನಮ್ಮ ರಾಜ್ಯವೂ ಇಂಥ ಸಂಕಟ ಕಂಡಿದೆ. 2020ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ವ್ಯವಹಾರಕ್ಕೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿತು. ಠೇವಣಿದಾರರು ಹಿಂಪಡೆಯಬಹುದಾದ ಮೊತ್ತ 35,000 ರೂಪಾಯಿಗೆ ಸೀಮಿತವಾಯಿತು. ಸಾಲ ನೀಡಿಕೆಯಲ್ಲಿ ಅಕ್ರಮ ನಡೆದ ಆರೋಪದ ಮೇಲೆ ತನಿಖೆಗಳು ನಡೆದವು. ನಿವೃತ್ತಿಯ ಹಣವನ್ನೆಲ್ಲ ಅಲ್ಲಿಟ್ಟು ಬಡ್ಡಿಯಿಂದ ಬದುಕುತ್ತಿದ್ದ ಹಿರಿಯರು ಕಂಗಾಲಾದರು.

ಕಾನೂನಿನ ಕಾವಲು

1949ರ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆ ಸಹಕಾರಿ ಬ್ಯಾಂಕುಗಳಿಗೆ ಅನ್ವಯಿಸಿದ್ದು 1966ರಲ್ಲಿ. 2003ರಲ್ಲಿ ನಗರ ಸಹಕಾರಿ ಬ್ಯಾಂಕುಗಳು ತಮ್ಮ ನಿರ್ದೇಶಕರಿಗೂ ಅವರ ಬಂಧುಗಳಿಗೂ ಸಾಲ ಕೊಡುವುದನ್ನು ರಿಸರ್ವ್ ಬ್ಯಾಂಕ್ ತಡೆಯಿತು. 2020ರ ತಿದ್ದುಪಡಿ ಸಹಕಾರಿ ಬ್ಯಾಂಕುಗಳ ಆಡಳಿತದ ಮೇಲೆ ಅದರ ಹಿಡಿತವನ್ನು ಇನ್ನಷ್ಟು ಬಿಗಿಗೊಳಿಸಿತು. ಅದೇ ವರ್ಷ ಠೇವಣಿ ವಿಮೆಯ ಮಿತಿ 1 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿತು. ಒಂದು ಬ್ಯಾಂಕಿನ ಎಲ್ಲ ಶಾಖೆಗಳಲ್ಲಿ ಒಬ್ಬರ ಹೆಸರಿನಲ್ಲಿರುವ ಅಸಲು, ಬಡ್ಡಿ ಎರಡೂ ಸೇರಿ ಈ ಮಿತಿ. ನಿರ್ಬಂಧಕ್ಕೊಳಗಾದ ಬ್ಯಾಂಕಿನ ಠೇವಣಿದಾರರಿಗೆ ವಿಮೆಯ ಹಣ 90 ದಿನಗಳಲ್ಲಿ ಸಿಗಬೇಕೆಂದು 2021ರ ತಿದ್ದುಪಡಿ ಹೇಳಿತು.

ಆದರೆ ಪತ್ತಿನ ಸಹಕಾರಿ ಸಂಘಗಳಿಗೆ ಈ ವಿಮೆ ಇಲ್ಲ. ಅವುಗಳ ಮೇಲ್ವಿಚಾರಣೆ ರಿಸರ್ವ್ ಬ್ಯಾಂಕಿನದಲ್ಲ, ಸಹಕಾರ ಇಲಾಖೆಯದು. ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ, 1959ರ ಪ್ರಕಾರ ನಿಬಂಧಕರು ಸಂಘದ ವಿಚಾರಣೆ ನಡೆಸಬಹುದು. ನಷ್ಟ ಮಾಡಿದವರಿಂದ ವಸೂಲಿಗೆ ಆದೇಶಿಸಬಹುದು. ಸೌಹಾರ್ದ ಸಹಕಾರಿಗಳಿಗೆ 1997ರ ಪ್ರತ್ಯೇಕ ಕಾಯ್ದೆಯಿದೆ. ವಿಚಾರಣೆ, ವಸೂಲಿಗಳು ಮುಗಿಯುವ ತನಕ ಠೇವಣಿದಾರ ಕಾಯಬೇಕು. ಸಹಕಾರ ಸಂಘಗಳೆಲ್ಲ ಕೆಟ್ಟವೆಂದು ಇದರ ಅರ್ಥವಲ್ಲ; ಅಲ್ಲಿ ಸದಸ್ಯನ ಎಚ್ಚರಕ್ಕೆ ಹೆಚ್ಚು ಬೆಲೆಯಿದೆ ಎಂದಷ್ಟೇ.

ಕೇಳಲೇಬೇಕಾದ ಪ್ರಶ್ನೆಗಳು

ಮನೆಯ ಹಿರಿಯರು ಪಾಸ್‌ಬುಕ್ ತೋರಿಸಿದಾಗ ಕೇಳಿ: ಇದು ಬ್ಯಾಂಕೋ ಸಂಘವೋ? ಠೇವಣಿಗೆ ವಿಮೆ ಇದೆಯೇ? ಬೇರೆಡೆಗಿಂತ ಬಡ್ಡಿ ಇಷ್ಟು ಹೆಚ್ಚೇಕೆ? ವಾರ್ಷಿಕ ಮಹಾಸಭೆಯ ನೋಟಿಸು ಬಂದಿತ್ತೇ, ಹೋಗಿದ್ದಿರಾ? ಲೆಕ್ಕಪರಿಶೋಧನಾ ವರದಿಯಲ್ಲಿ ಸುಸ್ತಿ ಸಾಲ ಎಷ್ಟು?

ಮಹಾಸಭೆಯಲ್ಲಿ ಪ್ರಶ್ನೆ ಕೇಳುವುದು ಸದಸ್ಯನ ಹಕ್ಕು. ಚಹಾ ಕುಡಿದು, ಸಹಿ ಮಾಡಿ ಎದ್ದುಬಂದರೆ ಆ ಹಕ್ಕು ವ್ಯರ್ಥ. ಬೇಲಿ ಗಟ್ಟಿಯಿದೆಯೇ ಎಂದು ಇಲಾಖೆಯೂ ನೋಡಬೇಕು, ಹೊಲದ ಒಡೆಯನೂ ಆಗಾಗ ಬದುವಿನ ಮೇಲೆ ಒಂದು ಸುತ್ತು ಹಾಕಬೇಕು.