ಹಳೆಯ ರೇವಾ ಮತ್ತು ಇಪ್ಪತ್ನಾಲ್ಕು ಸೆಲ್ಲುಗಳು

ಎಲೆಕ್ಟ್ರಾನಿಕ್ ಸಿಟಿ ದಾಟಿ ಹೊಸೂರು ರಸ್ತೆಯಲ್ಲಿ ಮುಂದೆ ಹೋದರೆ ಬೊಮ್ಮಸಂದ್ರ ಕೈಗಾರಿಕಾ ಪ್ರದೇಶ ಸಿಗುತ್ತದೆ. ಹಸಿರು ನಂಬರ್ ಪ್ಲೇಟಿನ ಕಾಲಕ್ಕೆ ಬಹಳ ಮುಂಚೆ, 2001ರಲ್ಲಿ, ರೇವಾ ಎಂಬ ಎರಡು ಬಾಗಿಲಿನ ವಿದ್ಯುತ್ ಕಾರು ಮಾರುಕಟ್ಟೆಗೆ ಬಂದದ್ದು ಇಲ್ಲಿಂದ. ಬೆಂಗಳೂರಿನ ಮೈನಿ ಸಮೂಹ ಮತ್ತು ಕ್ಯಾಲಿಫೋರ್ನಿಯಾದ ಅಮೆರಿಗಾನ್ ಸೇರಿ 1994ರಲ್ಲಿ ಕಟ್ಟಿದ ಕಂಪನಿ ಅದು. ಮುಂದೆ ನಿಂತು ಕಾರು ಮಾಡಿಸಿದವರು ಚೇತನ್ ಮೈನಿ. ಲಂಡನ್ನಿನಲ್ಲಿ ಇದೇ ಕಾರು ಜಿ-ವಿಜ್ ಎಂಬ ಹೆಸರಿನಲ್ಲಿ ಓಡಿತು. 2010ರಲ್ಲಿ ಕಂಪನಿ ಮಹೀಂದ್ರಾ ಕೈಸೇರಿತು. ಕೆಲವೇ ವರ್ಷಗಳಲ್ಲಿ ರೇವಾ ತಯಾರಿಕೆ ನಿಂತಿತು. ಅಳಿದುಳಿದ ರೇವಾಗಳ ಆಯಸ್ಸು ಈಗ ಬಹುಮಟ್ಟಿಗೆ ಮಾಲೀಕರ ಕೈಯಲ್ಲಿದೆ.

ಹಳೆಯ ಪೆಟ್ರೋಲ್ ಕಾರಿಗೆ ಜೀವ ಕೊಡುವುದೆಂದರೆ ತುಕ್ಕು ಕೆರೆಯುವುದು, ಪಿಸ್ಟನ್ ರಿಂಗ್ ಬದಲಿಸುವುದು, ಎಣ್ಣೆ ಸೋರುವ ಜಾಗ ಹುಡುಕುವುದು. ರೇವಾದಲ್ಲಿ ಆ ಪಾಡು ಕಡಿಮೆ. ಹೊರಮೈ ಎಬಿಎಸ್ ಪ್ಲಾಸ್ಟಿಕ್, ತುಕ್ಕು ಹಿಡಿಯದು. ಗೇರು ಒಂದೇ, ಕ್ಲಚ್ ಇಲ್ಲ. ಮೊದಲ ಮಾದರಿಗಳ ಡಿಸಿ ಮೋಟರಿನಲ್ಲಿ ಸವೆಯುವುದು ಮುಖ್ಯವಾಗಿ ಕಾರ್ಬನ್ ಬ್ರಷ್ಷು ಮತ್ತು ಬೇರಿಂಗು. ಆಮೇಲೆ ಬಂದ ರೇವಾ-ಐ ಮಾದರಿಯ ಎಸಿ ಮೋಟರಿಗೆ ಬ್ರಷ್ಷೂ ಇಲ್ಲ. ಈ ಕಾರಿನಲ್ಲಿ ಮುಪ್ಪು ಮೊದಲು ತಟ್ಟುವುದು ಸೀಟಿನ ಕೆಳಗಿರುವ ರಸಾಯನಕ್ಕೆ.

ಅಲ್ಲಿರುವುದು 6 ವೋಲ್ಟಿನ ಎಂಟು ಸೀಸ-ಆಮ್ಲ ಬ್ಯಾಟರಿಗಳು. ಒಂದೊಂದರಲ್ಲಿ ಮೂರು ಸೆಲ್, ಒಟ್ಟು 24. ಎಲ್ಲವೂ ಸರಣಿಯಲ್ಲಿ ಜೋಡಿಸಿಕೊಂಡು 48 ವೋಲ್ಟ್ ಕೊಡುತ್ತವೆ. ಹೊಸದರಲ್ಲಿ ಒಮ್ಮೆ ಚಾರ್ಜ್ ಮಾಡಿದರೆ ಸುಮಾರು 80 ಕಿಲೋಮೀಟರ್ ಓಟ ಎಂಬುದು ಕಂಪನಿಯ ಲೆಕ್ಕ. ಸರಣಿಯಲ್ಲಿ ಹರಿಯುವ ಕರೆಂಟು ಎಲ್ಲ ಸೆಲ್ಲುಗಳಿಗೂ ಒಂದೇ. ತಾರಸಿ ಹಾಕುವಾಗ ಕಾಂಕ್ರೀಟಿನ ಬಾಂಡ್ಲಿಯನ್ನು ಕೈಯಿಂದ ಕೈಗೆ ದಾಟಿಸುವ ಸಾಲಿನಲ್ಲಿ ಒಬ್ಬ ಸೋತರೆ ಸಾಲೇ ನಿಲ್ಲುವ ಹಾಗೆ, 23 ಸೆಲ್ ಗಟ್ಟಿಯಾಗಿದ್ದು ಒಂದು ಬಡವಾದರೂ ಕಾರು ಅಷ್ಟಕ್ಕೇ ನಿಲ್ಲುತ್ತದೆ. ಬಲವಂತವಾಗಿ ಓಡಿಸಿದರೆ ಉಳಿದವು ಆ ಬರಿದಾದ ಸೆಲ್ಲಿನೊಳಗೆ ಕರೆಂಟು ನುಗ್ಗಿಸಿ ಅದರ ಧ್ರುವವನ್ನೇ ತಿರುಗಿಸುತ್ತವೆ. ಆಮೇಲೆ ಅದು ಚೇತರಿಸಿಕೊಳ್ಳುವುದು ಕಷ್ಟ.

ಹಾಗಾಗಿ ಮೊದಲ ಕೆಲಸ ಅಳತೆ. ಪೂರ್ತಿ ಚಾರ್ಜ್ ಮಾಡಿ ಕೆಲವು ಗಂಟೆ ಬಿಟ್ಟು ನೋಡಿದರೆ ಒಳ್ಳೆಯ ಬ್ಯಾಟರಿ 6.3 ವೋಲ್ಟಿನ ಮೇಲೆ ತೋರಿಸಬೇಕು. 4 ವೋಲ್ಟ್ ಆಸುಪಾಸು ತೋರಿಸಿದರೆ ಒಂದು ಸೆಲ್ ಸತ್ತಿದೆ ಎಂದರ್ಥ. ಸುಮ್ಮನಿದ್ದಾಗಿನ ವೋಲ್ಟೇಜ್ ಮೋಸ ಮಾಡಬಹುದು. ಕಾರು ಏರು ಹತ್ತುವಾಗ ಎಂಟನ್ನೂ ಅಳೆದರೆ ಸೋತದ್ದು ಸಿಕ್ಕಿಬೀಳುತ್ತದೆ. ಹೈಡ್ರೋಮೀಟರ್ ಇನ್ನೂ ನಿಖರ: ತುಂಬಿದ ಸೆಲ್ಲಿನ ಆಮ್ಲದ ಸಾಪೇಕ್ಷ ಸಾಂದ್ರತೆ 1.28ರ ಹತ್ತಿರ ಇರುತ್ತದೆ, ಬರಿದಾದಂತೆ 1.15ರ ಕಡೆಗೆ ಇಳಿಯುತ್ತದೆ.

ಆಮ್ಲ ತೆಳುವಾಗುವುದೇಕೆ? ಚಾರ್ಜ್ ಇಳಿಯುವಾಗ ಆಮ್ಲದೊಳಗಿನ ಸಲ್ಫೇಟು ಸೀಸದ ಪ್ಲೇಟುಗಳಿಗೆ ಅಂಟಿಕೊಳ್ಳುತ್ತದೆ. ಚಾರ್ಜ್ ಮಾಡಿದಾಗ ಬಿಟ್ಟುಬರುತ್ತದೆ. ಬರಿದಾದ ಬ್ಯಾಟರಿಯನ್ನು ತಿಂಗಳುಗಟ್ಟಲೆ ಹಾಗೇ ಬಿಟ್ಟರೆ ಆ ನುಣ್ಣನೆಯ ಲೇಪ ದಪ್ಪ ಹರಳಾಗಿ ಕೂರುತ್ತದೆ, ಮತ್ತೆ ಕರಗುವುದಿಲ್ಲ. ದಿನಾ ಓಡುವ ರೇವಾಕ್ಕಿಂತ ಶೆಡ್ಡಿನಲ್ಲಿ ಮಲಗಿದ ರೇವಾ ಬೇಗ ಕೆಡುವುದು ಇದಕ್ಕೇ.

ಚಾರ್ಜಿಂಗಿನ ಕೊನೆಯಲ್ಲಿ ನೀರು ಒಡೆದು ಜಲಜನಕ, ಆಮ್ಲಜನಕವಾಗಿ ಹೊರಹೋಗುತ್ತದೆ. ಆ ನಷ್ಟ ತುಂಬಲು ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಬೇಕು, ಆಮ್ಲವನ್ನಲ್ಲ. ವೈಟ್‌ಫೀಲ್ಡಿನ ಬೋರ್‌ವೆಲ್ ನೀರಾಗಲಿ ಟ್ಯಾಂಕರ್ ನೀರಾಗಲಿ ತರುವ ಲವಣಗಳು ಪ್ಲೇಟುಗಳಿಗೆ ಮಾರಕ. ಚಾರ್ಜ್ ಮಾಡುವ ಜಾಗದಲ್ಲಿ ಗಾಳಿಯಾಡಬೇಕು: ಗಾಳಿಯಲ್ಲಿ ಜಲಜನಕ ಶೇ. 4 ಸೇರಿದರೆ ಕಿಡಿಯೊಂದೇ ಸಾಕು. 48 ವೋಲ್ಟ್ ಶಾಕ್ ಹೊಡೆಯದಿರಬಹುದು, ಆದರೆ ಟರ್ಮಿನಲ್‌ಗಳ ಮೇಲೆ ಸ್ಪ್ಯಾನರ್ ಅಡ್ಡಬಿದ್ದರೆ ನೂರಾರು ಆಂಪಿಯರ್ ಹರಿದು ಲೋಹ ಕರಗುತ್ತದೆ. ಉಂಗುರ, ವಾಚು ತೆಗೆದಿಟ್ಟು, ಸ್ಪ್ಯಾನರಿನ ಹಿಡಿಗೆ ಇನ್ಸುಲೇಶನ್ ಟೇಪ್ ಸುತ್ತಿ, ಕನ್ನಡಕ ಹಾಕಿಯೇ ಕೈಯಿಡಬೇಕು.

ಒಂದು ಬ್ಯಾಟರಿ ಮಾತ್ರ ಹೊಸದು ಹಾಕಿದರೆ ಹಳೆಯ ಏಳರ ಜೊತೆ ಅದಕ್ಕೆ ಹೊಂದಾಣಿಕೆ ಆಗದು. ಬದಲಿಸುವುದಾದರೆ ಎಂಟನ್ನೂ ಬದಲಿಸುವುದೇ ಲೇಸು. ಆಗ ಲಿಥಿಯಂ ಯೋಚನೆ ಬರುತ್ತದೆ. ಲಿಥಿಯಂ ಐರನ್ ಫಾಸ್ಫೇಟಿನ 3.2 ವೋಲ್ಟಿನ 16 ಸೆಲ್ ಸರಣಿಯಲ್ಲಿಟ್ಟರೆ 51.2 ವೋಲ್ಟ್, ಹೆಚ್ಚುಕಡಿಮೆ ಅದೇ ಮಟ್ಟ. ಸೀಸದ ಬ್ಯಾಟರಿಗಳದು ಕಾಲು ಟನ್ನಿಗೂ ಮೀರಿದ ಭಾರ. ಲಿಥಿಯಂ ಅದರ ಅರ್ಧವೂ ಇಲ್ಲ. ಸೆಲ್ಲುಗಳನ್ನು ಬೆಸೆಯುವ ತಾಮ್ರದ ಪಟ್ಟಿಯನ್ನು ಪೀಣ್ಯದ ಸಣ್ಣ ವರ್ಕ್‌ಶಾಪುಗಳಲ್ಲಿ ಅಳತೆಗೆ ಕತ್ತರಿಸಿಕೊಳ್ಳಬಹುದು. ಆದರೆ ಹಳೆಯ ಚಾರ್ಜರ್ ನಡೆಯದು. ಸೀಸಕ್ಕೆ ಕೊನೆಯಲ್ಲಿ ಕೊಡುವ ಹೆಚ್ಚಿನ ವೋಲ್ಟೇಜ್ ಲಿಥಿಯಂ ಸೆಲ್ಲನ್ನು ಹಾಳುಮಾಡುತ್ತದೆ. ಪ್ರತಿ ಸೆಲ್ಲನ್ನೂ ಕಾಯುವ ಬಿಎಂಎಸ್ (ಬ್ಯಾಟರಿ ನಿರ್ವಹಣಾ ವ್ಯವಸ್ಥೆ) ಬೇಕೇ ಬೇಕು, ಕಾರಿನ ಮೂಲ ಕಂಪ್ಯೂಟರಿನ ಚಾರ್ಜ್ ಲೆಕ್ಕವನ್ನೂ ಸರಿಪಡಿಸಬೇಕು. ಕಾರಿನ ಸ್ವರೂಪ ಬದಲಿಸುವ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸುವುದು ಕ್ಷೇಮ. ಹಳೆಯ ಸೀಸವನ್ನು ಗುಜರಿಗೆ ಹಾಕದೆ ಬ್ಯಾಟರಿ ಅಂಗಡಿಗೇ ಮರಳಿಸಬೇಕು.

ಇಂದು ಔಟರ್ ರಿಂಗ್ ರೋಡಿನಲ್ಲಿ ಸಾಗುವ ವಿದ್ಯುತ್ ಕಾರುಗಳ ಒಳಗೂ ಸರಣಿಯಲ್ಲಿ ಜೋಡಿಸಿದ ಸೆಲ್ಲುಗಳೇ ಇರುವುದು. ಅವುಗಳ ಸಂಖ್ಯೆ ನೂರರ ಆಸುಪಾಸು, ಪೆಟ್ಟಿಗೆ ಸೀಲ್ ಆಗಿದೆ, ಅಷ್ಟೇ. ಸೆಕೆಂಡ್ ಹ್ಯಾಂಡ್ ವಿದ್ಯುತ್ ಕಾರು ಕೊಳ್ಳಲು ಹೋದಾಗ ಎಷ್ಟು ಕಿಲೋಮೀಟರ್ ಓಡಿದೆ ಎಂದು ಕೇಳುವುದರ ಜೊತೆಗೆ, ಅತಿ ದುರ್ಬಲ ಸೆಲ್ಲಿಗೂ ಅತಿ ಬಲವಾದ ಸೆಲ್ಲಿಗೂ ಎಷ್ಟು ವೋಲ್ಟ್ ಅಂತರವಿದೆ ಎಂದೂ ಕೇಳಿ. ಕಾರಿನ ನಿಜವಾದ ವಯಸ್ಸು ಗೊತ್ತಾಗುವುದು ಆ ಅಂತರದಲ್ಲಿ.